ಕ್ರೈಮ್, ಡ್ರಾಮಾ ಸಿನಿಮಾ ಯಾವುದು ನೋಡಬೇಕ್ರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ನಾನು ಹಿಂದೆ ಸಿಡಿ, ಡಿವಿಡಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದೆ. ಅಂಗಡಿ ಮುಚ್ಚಿ ಅದೇ ಜಾಗಕ್ಕೆ ಮೊಬೈಲ್ ರಿಪೇರಿಯವರು ಬಂದಿದ್ದಾರೆ. ಆದರೆ ಹಳೆಯ ಗಿರಾಕಿಗಳು, ಈಗ ಅವರ ಮಕ್ಕಳು, ಸಂತೆಯಲ್ಲಿ ಸಿಕ್ಕರೂ ಮದುವೆ ಪಂಕ್ತಿಯಲ್ಲಿ ಸಿಕ್ಕರೂ ಕೇಳುವುದು ಒಂದೇ: ಯಾವುದು ನೋಡಬೇಕು? ಹೆಚ್ಚಾಗಿ ಬರುವ ಪ್ರಶ್ನೆಗಳನ್ನು, ಕೇಳಿದವರ ಬಾಯಿಂದ ಬಂದ ಹಾಗೆಯೇ ಇಟ್ಟು, ಉತ್ತರ ಬರೆದಿದ್ದೇನೆ.

ಇವತ್ತ ರಾತ್ರಿ ನೋಡಾಕ ಒಂದ ಸಿನಿಮಾ ಹೇಳ್ರಿ ಕಾಕಾ. ಭಾಷಣ ಬ್ಯಾಡ.

‘ಕವಲುದಾರಿ’. 2019ರದ್ದು, ಹೇಮಂತ್ ರಾವ್ ನಿರ್ದೇಶನ. ಕ್ರೈಮ್ ವಿಭಾಗಕ್ಕೆ ಹೋಗಬೇಕೆಂದು ಒದ್ದಾಡುವ ಟ್ರಾಫಿಕ್ ಪೊಲೀಸನೊಬ್ಬ, ನೆಲ ಅಗೆಯುವಾಗ ಸಿಕ್ಕ ಎಲುಬುಗಳ ಬೆನ್ನು ಹತ್ತುತ್ತಾನೆ. ದಾರಿ ಅವನನ್ನು ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬನ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಆ ಅಧಿಕಾರಿ ಅನಂತ್ ನಾಗ್. ಉಳಿದದ್ದು ನೋಡಿಯೇ ತಿಳಿಯಿರಿ.

ಡ್ರಾಮಾ ಅಂದ್ರ ಅಳೂದಲ್ಲೇನ್ರಿ? ಕ್ರೈಮ್ ಜೋಡಿ ಅದ್ಯಾಕ ಬೇಕು?

ನಮ್ಮ ಕಡೆಯವರು ಕೇಳುವ ಮಾತೇ ಇದು? ಬೈಲಹೊಂಗಲದ ಸೀಮೆಯಲ್ಲಿ ನಡೆದದ್ದೆಂದು ಜನ ಹೇಳುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು, ಅಂದರೆ ಹಾಡು ಕುಣಿತದ ಜಾನಪದ ನಾಟಕವನ್ನು, ಬೆಳತನಕ ಕೂತು ನೋಡಿದ ಮಂದಿ ನಾವು. ಗೆಳೆಯನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಕಣ್ಣು, ನಡುವೆ ಸಂಗ್ಯಾನ ಜೊತೆಗಾರ ಬಾಳ್ಯಾನ ಕೈ, ಕೊನೆಗೆ ಕೊಲೆ. ಡಪ್ಪು ಬಾರಿಸುವ ಮೊದಲೇ, ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತ ಮುದುಕಿಗೂ ಯಾರು ಸಾಯುತ್ತಾರೆ, ಯಾರು ಕೊಲ್ಲುತ್ತಾರೆ ಅನ್ನುವುದು ಗೊತ್ತು. ಆದರೂ ಎದ್ದು ಹೋಗುವವರಿಲ್ಲ. ಗಂಗಿಯ ಮನಸ್ಸು ಯಾವ ಮಾತಿಗೆ ಸಡಿಲಾಯಿತು, ಸುದ್ದಿ ಗಂಡನ ಕಿವಿಗೆ ಬಿದ್ದಾಗ ಅವನು ಏನು ಮಾಡಿದ, ಗೆಳೆತನ ಎಂಬುದು ಎಲ್ಲಿ ಹರಿಯಿತು, ಇದನ್ನು ನೋಡಲು ಕೂತವರು ಅವರೆಲ್ಲ.

ನಾನು ಸಿನಿಮಾ ಆರಿಸುವ ಅಳತೆಯೂ ಇದೇ. ಅಪರಾಧ ಆಗುವ ಮೊದಲು ಆ ಮನೆ ಹೇಗಿತ್ತು, ಆದ ಮೇಲೆ ಉಳಿದವರು ಹೇಗೆ ಊಟಕ್ಕೆ ಕೂತರು ಎಂದು ಸಿನಿಮಾ ತೋರಿಸುತ್ತದೆಯೋ ಇಲ್ಲವೋ? ತೋರಿಸದಿದ್ದರೆ ಅದರಲ್ಲಿ ಎಷ್ಟು ಗುಂಡು ಹಾರಿದರೂ ನನಗೆ ನಿದ್ದೆ ಬರುತ್ತದೆ.

ಕೊಲಿಗಾರ ಯಾರಂತ ಮೊದಲ ಗೊತ್ತಾದ್ರ ಮಜಾ ಹೋಗೂದಿಲ್ಲೇನು?

‘ದೃಶ್ಯಂ’ ನೋಡಿದ್ದೀರಲ್ಲ? ಮಲಯಾಳಂನಲ್ಲಿ 2013ರಲ್ಲಿ ಬಂತು, ಮರುವರ್ಷ ರವಿಚಂದ್ರನ್ ನಾಯಕರಾಗಿ ಕನ್ನಡದಲ್ಲಿ ‘ದೃಶ್ಯ’ ಬಂತು. ಏನಾಯಿತು, ಯಾರಿಂದಾಯಿತು ಎಂಬುದೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ಆಮೇಲೂ ಕೊನೆಯ ನಿಮಿಷದವರೆಗೆ ಕುರ್ಚಿ ಬಿಡುವುದಿಲ್ಲ. ಪೊಲೀಸರ ಮುಂದೆ ಆ ಪುಟ್ಟ ಮಗಳು ಬಾಯಿ ಬಿಡುತ್ತಾಳೋ ಏನೋ ಎಂಬ ಭಯ, ಕೊಲೆಗಾರನ ಹೆಸರು ಬಚ್ಚಿಟ್ಟ ಯಾವ ಸಿನಿಮಾದಲ್ಲೂ ನನಗೆ ಆಗಿಲ್ಲ.

ಹಾಗಂತ ಪತ್ತೇದಾರಿ ಕೆಟ್ಟದ್ದೇನಲ್ಲ. ಸುನಿಲ್ ಕುಮಾರ್ ದೇಸಾಯಿ ಅವರ ‘ತರ್ಕ’ (1989) ಕೊನೆ ಗೊತ್ತಿಲ್ಲದೆ ನೋಡಬೇಕಾದದ್ದು. ಅದರ ಕಥೆಯನ್ನು ಯಾರಾದರೂ ಹೇಳಲು ಬಂದರೆ ಎದ್ದು ಹೋಗಿ.

ನಮ್ಮ ಕಡೆ ಭಾಷಾ, ನಮ್ಮ ಕಡೆ ಊರು ಇರೋ ಕ್ರೈಮ್ ಸಿನಿಮಾ ಅದಾವೇನ್ರಿ? ಬರೇ ಬೆಂಗಳೂರು, ಮಂಗಳೂರು ನೋಡಿ ಸಾಕಾತು.

ಇವೆ, ಆದರೆ ಕೈಬೆರಳಲ್ಲಿ ಎಣಿಸಬೇಕು. 2023ರಲ್ಲಿ ಎರಡು ಬಂದವು. ‘ಗುರುದೇವ್ ಹೊಯ್ಸಳ’ ಬೆಳಗಾವಿ ಸೀಮೆಯ ಪೊಲೀಸ್ ಕಥೆ. ಮೇಲ್ನೋಟಕ್ಕೆ ಧನಂಜಯ ಅವರ ಹೊಡೆದಾಟದ ಸಿನಿಮಾ, ಒಳಗೆ ಜಾತಿ ಮೀರಿ ಪ್ರೀತಿಸಿದವರನ್ನು ಮನೆಯವರೇ ಮುಗಿಸುವ ವಿಷಯ. ಮೊದಲರ್ಧ ಮಾಮೂಲು, ವಿಷಯಕ್ಕೆ ಬಂದ ಮೇಲೆ ಬಿಗಿಯಾಗುತ್ತದೆ. ಅದರಲ್ಲಿ ಖಳನಾಗಿ ಹೆದರಿಸಿದ ನವೀನ್ ಶಂಕರ್ ಅದೇ ವರ್ಷ ‘ಕ್ಷೇತ್ರಪತಿ’ಯಲ್ಲಿ ನಾಯಕ. ಅಪ್ಪನ ಆತ್ಮಹತ್ಯೆಯ ನಂತರ ಊರಿಗೆ ಮರಳುವ ಹುಡುಗ, ಹೊಲ, ಬೆಳೆಯ ಬೆಲೆ, ಊರ ರಾಜಕಾರಣ. ಶ್ರೀಕಾಂತ್ ಕಟಗಿ ನಿರ್ದೇಶಿಸಿದ್ದು. ಎರಡನೆಯ ಅರ್ಧದಲ್ಲಿ ಭಾಷಣ ಸ್ವಲ್ಪ ಜಾಸ್ತಿ, ಆದರೆ ಮಾತು ನಮ್ಮ ಮಾತು.

ಮಾತಿನ ವಿಷಯ ಬಂತು, ಒಂದು ಸಿಟ್ಟು ಹೇಳಿಬಿಡುತ್ತೇನೆ. ನಮ್ಮ ಭಾಷೆಯನ್ನು ಸಿನಿಮಾದವರು ಎರಡೇ ಕಡೆ ಇಡುತ್ತಾರೆ: ನಗಿಸುವವನ ಬಾಯಲ್ಲಿ, ಇಲ್ಲವೇ ಕೊಡಲಿ ಹಿಡಿದವನ ಬಾಯಲ್ಲಿ. ಮಾಸ್ತರು, ನರ್ಸು, ವಕೀಲರು ಎಲ್ಲರೂ ಬೆಂಗಳೂರಿನ ಕನ್ನಡ ಆಡುತ್ತಾರೆ. ಜಮಖಂಡಿ ಕೋರ್ಟಿನ ಆವರಣದಲ್ಲಿ ಒಂದು ತಾಸು ನಿಂತರೆ ಸಾಕು, ಒಳ್ಳೆಯ ಸಂಭಾಷಣೆ ಹೇಗಿರಬೇಕೆಂದು ತಿಳಿಯುತ್ತದೆ. ‘ಏನ್ ಮಾಡೂದ್ರಿ ಸಾಹೇಬ್ರ, ತಮ್ಮನ ಮ್ಯಾಲ ಕೇಸ್ ಹಾಕಾಕ ತಮ್ಮನ ಗಾಡಿ ಮ್ಯಾಲ ಬಂದೀನಿ’ ಅನ್ನುವಂಥ ಮಾತು ಬೆಂಗಳೂರಲ್ಲಿ ಕೂತು ಬರೆದರೆ ಬರುವುದಿಲ್ಲ.

ಇನ್ನೂ ಯಾರೂ ಮುಟ್ಟದ ಕಥೆ ನಮ್ಮ ಕಾಲ ಬುಡದಲ್ಲೇ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಹೋದವು, ಹಳ್ಳಿಗಳು ಹೋದವು, ಮಂದಿ ಪುನರ್ವಸತಿ ಕೇಂದ್ರಗಳಿಗೆ ಬಂದರು. ಈಗ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಪರಿಹಾರದ ರೊಕ್ಕ ಬಂದ ಮನೆಯಲ್ಲಿ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು, ದಲ್ಲಾಳಿ, ವಕೀಲ, ಹೊಸ ಕಾರು, ಹೊಸ ಗೆಳೆಯರು. ಇದಕ್ಕಿಂತ ದೊಡ್ಡ ಕ್ರೈಮ್ ಡ್ರಾಮಾ ಬೇಕೇನ್ರಿ?

ಮರಾಠಿ ತಿಳೀತೈತಿ. ಅದರಾಗ ಯಾವ್ದು?

ಬೆಳಗಾವಿ, ನಿಪ್ಪಾಣಿ, ಅಥಣಿ ಕಡೆಯವರು ಈ ಪ್ರಶ್ನೆ ಕೇಳಿದಾಗ ನನಗೆ ಖುಷಿ, ಯಾಕೆಂದರೆ ಮೇಲೆ ಹೇಳಿದ ಪರಿಹಾರದ ರೊಕ್ಕದ ಕಥೆಗೆ ಹತ್ತಿರದ್ದು ಅಲ್ಲಿದೆ. ‘ಮುಳಶಿ ಪ್ಯಾಟರ್ನ್’ (2018), ಪ್ರವೀಣ್ ತರಡೆ ನಿರ್ದೇಶನ. ಪುಣೆಯ ಪಕ್ಕದ ಮುಳಶಿಯಲ್ಲಿ ಹೊಲ ಮಾರಿದ ಮನೆಯ ಮಗ ಗ್ಯಾಂಗಿಗೆ ಸೇರುತ್ತಾನೆ. ಹೊಡೆದಾಟ ಅತಿಯಾಯಿತು ಅನ್ನಿಸಬಹುದು. ಭೂಮಿ ಕಳೆದುಕೊಂಡ ಅಪ್ಪ ಮಗನನ್ನು ನೋಡುವ ರೀತಿಗಾಗಿ ನೋಡಿ.

‘ಸೈರಾಟ್’ (2016) ಎಲ್ಲರಿಗೂ ಗೊತ್ತು. ನಾಗರಾಜ್ ಮಂಜುಳೆ ಸೊಲ್ಲಾಪುರ ಜಿಲ್ಲೆಯ ಕರಮಾಳದ ಕಡೆಯವರು, ಅಂದರೆ ವಿಜಯಪುರದವರಿಗೆ ನೆರೆಯವರು. ಹಾಡಿಗೆ ಕುಣಿದವರೆಲ್ಲ ಕೊನೆಯ ದೃಶ್ಯದಲ್ಲಿ ಕಲ್ಲಾಗಿ ಕೂತದ್ದನ್ನು ಕಂಡಿದ್ದೇನೆ. ಕನ್ನಡದ ‘ಮನಸು ಮಲ್ಲಿಗೆ’ಯಲ್ಲೂ ರಿಂಕು ರಾಜಗುರು ಅವರೇ ಇದ್ದಾರೆ, ಆದರೂ ಮೂಲವನ್ನೇ ನೋಡಿ.

ಮೂರನೆಯದು ತಾಳ್ಮೆ ಇದ್ದವರಿಗೆ ಮಾತ್ರ: ಚೈತನ್ಯ ತಾಮ್ಹಣೆ ಅವರ ‘ಕೋರ್ಟ್’ (2014). ಹಾಡು ಕೇಳಿ ಪೌರಕಾರ್ಮಿಕನೊಬ್ಬ ಆತ್ಮಹತ್ಯೆ ಮಾಡಿಕೊಂಡ ಎಂದು ಮುದಿ ಹಾಡುಗಾರನ ಮೇಲೆ ಕೇಸು. ಕೂಗಾಟವಿಲ್ಲ, ಟೇಬಲ್ ಗುದ್ದುವ ವಕೀಲರಿಲ್ಲ. ಬರೀ ತಾರೀಖು, ಮತ್ತೆ ತಾರೀಖು. ಕೇಸು ನಡೆಸಿದ ಅನುಭವವಿದ್ದವರು ಇದನ್ನು ನೋಡಿ ನಗುತ್ತಾರೆ, ಇಲ್ಲದವರು ಆಕಳಿಸುತ್ತಾರೆ.

ರೌಡಿ ಸಿನಿಮಾ ಹೇಳ್ರಿ. ಕತ್ತಿ ಲಾಂಗು ಇರಬೇಕು.

ಕೇಳುವವರು ಹೆಚ್ಚಾಗಿ ಹದಿನೆಂಟರ ಆಸುಪಾಸಿನವರು. ಬೇಡವೆಂದರೆ ಕೇಳುವುದಿಲ್ಲ, ಹಾಗಾಗಿ ಒಂದು ಕ್ರಮ ಹೇಳುತ್ತೇನೆ. ಮೊದಲು ‘ಓಂ’ (1995), ಉಪೇಂದ್ರ ನಿರ್ದೇಶಿಸಿದ್ದು. ಕನ್ನಡದಲ್ಲಿ ಲಾಂಗು ಹಿಡಿದ ಸಿನಿಮಾಗಳಿಗೆಲ್ಲ ಅಜ್ಜ ಅದೇ. ನಿಜವಾದ ಭೂಗತ ಲೋಕದವರೂ ಅದರಲ್ಲಿ ಮುಖ ತೋರಿಸಿದ್ದಾರೆ. ಆಮೇಲೆ ‘ಆ ದಿನಗಳು’ (2007), ಅಗ್ನಿ ಶ್ರೀಧರ್ ಅವರ ನೆನಪುಗಳ ಪುಸ್ತಕವನ್ನು ಆಧರಿಸಿ ಕೆ.ಎಂ. ಚೈತನ್ಯ ಮಾಡಿದ್ದು. ಬೆಂಗಳೂರಿನ ಹಳೆಯ ರೌಡಿಗಳಾದ ಕೊತ್ವಾಲ್, ಜಯರಾಜ್ ಕಾಲದ ಕಥೆ. ಕೊತ್ವಾಲನಾಗಿ ಶರತ್ ಲೋಹಿತಾಶ್ವ ಸುಮ್ಮನೆ ಕೂತಿದ್ದರೂ ಹೆದರಿಕೆಯಾಗುತ್ತದೆ. ಕೊಲ್ಲಲು ಹೋದವರ ಕೈ ನಡುಗುವುದನ್ನು ತೋರಿಸಿದ ಕನ್ನಡ ಸಿನಿಮಾ ಅದು.

ಮೂರನೆಯದು ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021). ಮಂಗಳೂರಿನ ಇಬ್ಬರು ಗೆಳೆಯರು, ಹರಿ ಮತ್ತು ಶಿವ. ಯಾರೋ ಚಪ್ಪಲಿ ತೆಗೆದುಕೊಂಡ ಸಣ್ಣ ಮಾತಿಗೂ ಹೆಣ ಬೀಳುತ್ತದೆ. ಕೊಲೆ ಮಾಡಿ ಬಂದು ಶಿವ ಹುಲಿವೇಷದ ಹಾಗೆ ಕುಣಿಯುವ ದೃಶ್ಯವನ್ನು ಹುಡುಗರು ಸ್ಟೇಟಸ್‌ಗೆ ಹಾಕಿಕೊಂಡು ತಿರುಗಿದರು. ಅದೇ ಹುಡುಗರಿಗೆ ನಾನು ಕೇಳುವುದು ಗೋಪಾಲಕೃಷ್ಣ ದೇಶಪಾಂಡೆ ಮಾಡಿದ ಪೊಲೀಸ್ ಬ್ರಹ್ಮಯ್ಯನ ಬಗ್ಗೆ. ಮೇಲಿನವರ ಒತ್ತಡಕ್ಕೆ ಸಿಕ್ಕು, ನಿದ್ದೆಯಿಲ್ಲದೆ, ಅವಮಾನ ನುಂಗಿ ಕೆಲಸ ಮಾಡುವವನು. ಎರಡನೇ ಸಲ ನೋಡುವಾಗ ಅವನನ್ನಷ್ಟೇ ನೋಡಿ, ಬೇರೆಯೇ ಸಿನಿಮಾ ಕಾಣುತ್ತದೆ.

ಅದೇ ದೇಶಪಾಂಡೆಯವರು ಮತ್ತೆ ಪೊಲೀಸರಾಗಿ ಬರುವ ‘ಶಾಖಾಹಾರಿ’ (2024) ಲಾಂಗಿಲ್ಲದ ಸಿನಿಮಾ. ಮಲೆನಾಡಿನ ಸಸ್ಯಾಹಾರಿ ಹೋಟೆಲು ನಡೆಸುವ ಒಂಟಿ ಮನುಷ್ಯನಾಗಿ ರಂಗಾಯಣ ರಘು. ಕತ್ತಿ ಬೇಕೆಂದವರಿಗೆ ಹೋಟೆಲಿನ ಕಾಯಿಪಲ್ಯೆ ಹೆಚ್ಚುವ ಚಾಕು ಸಾಕಾಗುತ್ತದೆ.

ಪಿಎಸ್ಐ ಪರೀಕ್ಷಾಕ್ಕ ಓದಾಕತ್ತೀನ್ರಿ. ಹುರುಪು ಬರೂವಂಥ ಪೊಲೀಸ್ ಸಿನಿಮಾ ಹೇಳ್ರಿ.

ವಿಜಯಪುರ, ಬಾಗಲಕೋಟೆ, ಧಾರವಾಡದ ಕೋಚಿಂಗ್ ರೂಮುಗಳಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಮೀಸೆ ತಿರುವಿ, ಜೀಪಿನಿಂದ ಜಿಗಿಯುವ ಸಿನಿಮಾಗಳನ್ನು ನೀವೇ ಹುಡುಕಿಕೊಳ್ಳುತ್ತೀರಿ. ನಾನು ಹೇಳುವವು ಹುರುಪು ಇಳಿಸಬಹುದು, ಆದರೆ ಕೆಲಸಕ್ಕೆ ಸೇರುವ ಮೊದಲೇ ನೋಡುವುದು ಒಳ್ಳೆಯದು.

‘ಅರ್ಧ ಸತ್ಯ’ (ಹಿಂದಿ, 1983). ಗೋವಿಂದ ನಿಹಲಾನಿ ನಿರ್ದೇಶನ, ಚಿತ್ರಕಥೆ ವಿಜಯ್ ತೆಂಡೂಲ್ಕರ್. ಓಂ ಪುರಿ ಮಾಡಿದ ಸಬ್ ಇನ್‌ಸ್ಪೆಕ್ಟರ್ ವೇಲಣಕರ್ ಪ್ರಾಮಾಣಿಕ, ಸಿಟ್ಟಿನವನು. ಅಪ್ಪನ ಮೇಲಿನ ಸಿಟ್ಟು, ರಾಜಕಾರಣಿಯ ಮೇಲಿನ ಸಿಟ್ಟು, ಎಲ್ಲ ಸೇರಿ ಲಾಕಪ್ಪಿನಲ್ಲಿದ್ದ ಸಣ್ಣ ಕಳ್ಳನ ಮೇಲೆ ಬೀಳುತ್ತದೆ.

‘ವಿಸಾರಣೈ’ (ತಮಿಳು, 2015), ವೆಟ್ರಿಮಾರನ್. ಗುಂಟೂರಿಗೆ ಕೂಲಿಗೆ ಹೋದ ತಮಿಳು ಹುಡುಗರನ್ನು ಮಾಡದ ಕಳ್ಳತನ ಒಪ್ಪಿಕೊಳ್ಳಿ ಎಂದು ಹೊಡೆಯುತ್ತಾರೆ. ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ತಾನೇ ಅನುಭವಿಸಿ ಬರೆದ ಪುಸ್ತಕ ಇದಕ್ಕೆ ಮೂಲ. ದುಡಿಯಲು ಗೋವಾಕ್ಕೆ, ಮಂಗಳೂರಿಗೆ, ರತ್ನಾಗಿರಿಗೆ ಹೋಗುವ ನಮ್ಮ ಊರುಗಳವರಿಗೆ ಆ ಭಯ ಹೊಸದಲ್ಲ. ‘ಜೈ ಭೀಮ್’ (2021) ಇದೇ ಬಗೆಯದು, 1993ರ ನಿಜ ಪ್ರಕರಣ. ಆಗ ವಕೀಲರಾಗಿದ್ದ ಚಂದ್ರು ಮುಂದೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಪೊಲೀಸರ ಕಡೆಯಿಂದಲೂ ನೋಡಬೇಕೆಂದರೆ ಮಲಯಾಳಂನ ‘ನಾಯಾಟ್ಟು’ (2021). ಮೂವರು ಪೊಲೀಸರೇ ಪೊಲೀಸರಿಂದ ಓಡುತ್ತಾರೆ.

ನೋಡುವಾಗ ಪಾಠವೂ ಆಗಲಿ. ಸಿನಿಮಾದಲ್ಲಿ ಇನ್ನೂ ‘302 ಹಾಕು’ ಅನ್ನುತ್ತಾರೆ. ಅದು ಹಳೆಯ ಐಪಿಸಿಯ ಕಲಂ. 2024ರ ಜುಲೈ 1ರಿಂದ ಅದರ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಕೊಲೆಗೆ ಶಿಕ್ಷೆ ಹೇಳುವ ಕಲಂ 103. ವಂಚನೆಯ 420 ಈಗ 318ರಲ್ಲಿದೆ. ಬಂಧಿಸಿದವನನ್ನು, ದಾರಿಯ ಸಮಯ ಬಿಟ್ಟು, 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು. ಇನ್ನು ಲಾಕಪ್ಪಿನಲ್ಲಿ ಬಾಯಿ ಬಿಡಿಸಿದ ಕೂಡಲೇ ಕೇಸು ಮುಗಿಯಿತು ಎಂದು ತೋರಿಸುವುದು ದೊಡ್ಡ ಸುಳ್ಳು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ‘ವಿಸಾರಣೈ’ ನೋಡಿದರೆ ಆ ನಿಯಮ ಯಾಕಿದೆ ಎಂದು ಯಾರೂ ಬೇರೆ ಹೇಳಬೇಕಿಲ್ಲ.

ಮಲಯಾಳಂ, ಮಲಯಾಳಂ ಅಂತ ಎಲ್ಲಾರೂ ಕುಣಿತಾರ. ಎಲ್ಲಿಂದ ಶುರು ಮಾಡೂದು?

‘ತೊಂಡಿಮುದಲುಂ ದೃಕ್‌ಸಾಕ್ಷಿಯುಂ’ (2017). ಹೆಸರು ಬಾಯಿಗೆ ಬರದಿದ್ದರೂ ಪರವಾಗಿಲ್ಲ. ಬಸ್ಸಿನಲ್ಲಿ ಹೆಣ್ಣುಮಗಳ ಕೊರಳಿನ ಸರ ಕದ್ದ ಕಳ್ಳ ಅದನ್ನು ನುಂಗಿಬಿಡುತ್ತಾನೆ. ಉಳಿದದ್ದೆಲ್ಲ ಕಾಸರಗೋಡು ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ. ಕಳ್ಳ ಫಹಾದ್ ಫಾಸಿಲ್. ಕೊಲೆ ಇಲ್ಲದೆಯೂ ಎಂಥ ಕ್ರೈಮ್ ಸಿನಿಮಾ ಮಾಡಬಹುದು ನೋಡಿ. ನಂತರ ಅದೇ ನಿರ್ದೇಶಕ ದಿಲೀಶ್ ಪೋತನ್ ಅವರ ‘ಜೋಜಿ’ (2021): ದೊಡ್ಡ ತೋಟ, ಸಾಯದ ಅಪ್ಪ, ಕಾಯಲಾರದ ಮಗ. ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ಅದಕ್ಕೆ ಸ್ಫೂರ್ತಿ. ಕೂಡು ಕುಟುಂಬದಲ್ಲಿ ಬೆಳೆದವರು ಹಿರಿಯರ ಜೊತೆ ಕೂತು ನೋಡಬೇಡಿ, ಮುಜುಗರವಾದೀತು.

ಹಳೇ ಕನ್ನಡದಾಗ ಏನಾರ ಐತೇನ್ರಿ? ಬ್ಲ್ಯಾಕ್ ಅಂಡ್ ವೈಟ್ ಬ್ಯಾಡ.

ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ (1985). ನಶೆಯಲ್ಲಿ ಕಾರು ಓಡಿಸಿದ ದೊಡ್ಡವರ ಮಗ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹರಿಸುತ್ತಾನೆ, ಅಪ್ಪನ ಕೈ ಎಲ್ಲವನ್ನೂ ಮುಚ್ಚಲು ಚಾಚುತ್ತದೆ. ರಾಷ್ಟ್ರ ಪ್ರಶಸ್ತಿ ಪಡೆದ ಸಿನಿಮಾ. ಬಂದು ನಾಲ್ಕು ದಶಕವಾಯಿತು. ಇಂದಿನ ಪತ್ರಿಕೆ ತೆಗೆದರೆ ಕಥೆ ಹಾಗೆಯೇ ಇದೆ, ಕಾರಿನ ಮಾಡೆಲ್ ಮಾತ್ರ ಬದಲು. ಅವರದೇ ‘ಮಿಂಚಿನ ಓಟ’ (1980) ಕಳ್ಳರ ಕಥೆ, ಹಗುರವಾಗಿ ಶುರುವಾಗಿ ಭಾರವಾಗಿ ಮುಗಿಯುತ್ತದೆ. ಬರೀ ರೋಚಕ ಬೇಕೆಂದರೆ ‘ನಿಷ್ಕರ್ಷ’ (1993), ಬ್ಯಾಂಕಿಗೆ ನುಗ್ಗಿ ಜನರನ್ನು ಒತ್ತೆ ಇಟ್ಟುಕೊಳ್ಳುವವರ ಕಥೆ, ವಿಷ್ಣುವರ್ಧನ್.

ಮನಿ ಮಂದಿ ಎಲ್ಲಾ ಕೂಡಿ ನೋಡೂವಂಥಾದ್ದು?

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016). ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾನೆ, ಮಗ ಹುಡುಕುತ್ತಾನೆ, ನಡುವೆ ಒಂದು ಕೊಲೆಯ ಎಳೆ. ಅಜ್ಜ-ಅಜ್ಜಿ ಇರುವ ಮನೆಯಲ್ಲಿ ಇದಕ್ಕೆ ಎದುರಿಲ್ಲ. ನಗುತ್ತ ನೋಡಬೇಕೆಂದರೆ ‘ಬೆಲ್ ಬಾಟಂ’ (2019).

ಮಕ್ಕಳಿದ್ದರೆ ಶುರುವಿನಲ್ಲಿ ಬರುವ ಪ್ರಮಾಣಪತ್ರ ನೋಡಿ. ಹೊಸ ಸಿನಿಮಾಗಳಿಗೆ ಯುಎ ಎಂದಷ್ಟೇ ಬರೆಯದೆ 7+, 13+, 16+ ಎಂದು ಬಿಡಿಸಿ ಕೊಡುತ್ತಾರೆ. ‘ಸೈರಾಟ್’, ‘ವಿಸಾರಣೈ’ ಎರಡನ್ನೂ ಮಕ್ಕಳು ಮಲಗಿದ ಮೇಲೆ.

ಇಂಗ್ಲಿಷ್, ಕೊರಿಯಾ, ಇರಾನ್ ಅಂತೀರಲ್ಲ, ನಮಗ ಹಿಡಸ್ತಾವೇನ್ರಿ?

ಇರಾನಿನದನ್ನೇ ಮೊದಲು ನೋಡಿ. ಅಸ್ಗರ್ ಫರ್ಹಾದಿ ಅವರ ‘ಎ ಸೆಪರೇಷನ್’ (2011). ಬೇರೆಯಾಗಲು ಹೊರಟ ಗಂಡ-ಹೆಂಡತಿ, ಮರೆವಿನ ಕಾಯಿಲೆಯ ಮುದಿ ಅಪ್ಪ, ಅವನನ್ನು ನೋಡಿಕೊಳ್ಳಲು ಬಂದ ಬಡ ಹೆಣ್ಣುಮಗಳು, ಬಾಗಿಲಲ್ಲಿ ಒಂದು ತಳ್ಳಾಟ, ಆಮೇಲೆ ಕೋರ್ಟು. ಯಾರೂ ಕೆಟ್ಟವರಲ್ಲ, ಎಲ್ಲರೂ ಒಂದಿಷ್ಟು ಸುಳ್ಳು ಹೇಳುತ್ತಾರೆ. ದೇವರ ಮೇಲೆ ಆಣೆ ಮಾಡುವ ದೃಶ್ಯವಿದೆ. ಊರ ದೈವದ ಕಟ್ಟೆಯ ಮುಂದೆ ಆಣೆ-ಪ್ರಮಾಣ ನೋಡಿದ ನಮಗೆ ಅದರ ತೂಕ ಬೇರೆಯವರು ತಿಳಿಸಬೇಕಿಲ್ಲ. ನನ್ನನ್ನು ಕೇಳಿದರೆ ಈ ಪುಟದಲ್ಲಿರುವ ಎಲ್ಲಕ್ಕಿಂತ ಮೇಲಿನ ಸಿನಿಮಾ ಇದು.

‘ಮೆಮೊರೀಸ್ ಆಫ್ ಮರ್ಡರ್’ (2003) ಕೊರಿಯಾದ್ದು, ಬಾಂಗ್ ಜೂನ್-ಹೋ ನಿರ್ದೇಶನ. ಹಳ್ಳಿ, ಗದ್ದೆ, ಮಳೆ, ದಾರಿ ತಪ್ಪಿದ ತನಿಖೆ. ‘12 ಆಂಗ್ರಿ ಮೆನ್’ (1957) ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ ಹನ್ನೆರಡು ಜನ ಜ್ಯೂರಿಗಳ ವಾದ. ನಮ್ಮಲ್ಲಿ ಜ್ಯೂರಿ ಪದ್ಧತಿ ಹೋಗಿ ದಶಕಗಳಾದವು, ಆದರೂ ಪಂಚರ ಮಾತು ಕೇಳಿದವರಿಗೆ ಸುಲಭವಾಗಿ ಹತ್ತುತ್ತದೆ. ಕುರೊಸಾವ ಅವರ ‘ರಾಶೋಮಾನ್’ (1950) ಮತ್ತು ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಒಂದೇ ವಾರದಲ್ಲಿ ನೋಡಿ. ಒಂದೇ ಘಟನೆ, ಹಲವರ ಬಾಯಿ. ಒಂದು ಜಪಾನಿನ ಕಾಡಿನಲ್ಲಿ, ಇನ್ನೊಂದು ಮಲ್ಪೆಯ ದಂಡೆಯಲ್ಲಿ.

‘ನೈಜ ಘಟನೆ ಆಧಾರಿತ’ ಅಂತ ಹಾಕಿರ್ತಾರ. ನಂಬಬೇಕೇನ್ರಿ?

ಅಕ್ಷರ ಹಾಕಿದ್ದಾರೆಂದು ನಂಬಬೇಡಿ. ‘ಫಾರ್ಗೋ’ (1996) ಶುರುವಾಗುವುದೇ ಇದು ನಿಜ ಕಥೆ ಎಂಬ ಬರಹದಿಂದ, ಆದರೆ ಕಥೆ ಕಟ್ಟಿದ್ದು. ‘ಮೆಮೊರೀಸ್ ಆಫ್ ಮರ್ಡರ್’ ನಿಜವಾದ ಸರಣಿ ಕೊಲೆಗಳ ಮೇಲಿನದು. ಸಿನಿಮಾ ಬಂದಾಗ ಕೊಲೆಗಾರ ಪತ್ತೆಯಾಗಿರಲಿಲ್ಲ. 2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು, ಆತ ಬೇರೊಂದು ಕೊಲೆಗಾಗಿ ಆಗಲೇ ಜೈಲಿನಲ್ಲಿದ್ದ. ಇದನ್ನು ತಿಳಿದುಕೊಂಡು ಆ ಸಿನಿಮಾದ ಕೊನೆಯ ನೋಟವನ್ನು ನೋಡಿ.

ಡಬ್ ಆಗಿದ್ದೋ, ಕೆಳಗ ಅಕ್ಷರ ಬರೂದೋ?

ಓದಲು ಬಂದರೆ ಅಕ್ಷರ. ಅವ್ವನಿಗೆ ಓದಲು ಬರದಿದ್ದರೆ ಡಬ್ಬಿಂಗ್. ಇದರಲ್ಲಿ ದೊಡ್ಡಸ್ತಿಕೆ ಬೇಡ.

ಟೆಲಿಗ್ರಾಮಿನ್ಯಾಗ ಪುಕ್ಕಟ ಸಿಗತೈತಲ್ಲ?

ಅಪರಾಧದ ಸಿನಿಮಾ ನೋಡಲು ಅಪರಾಧವನ್ನೇ ಮಾಡಬೇಕೆ? ಓಟಿಟಿಗಳಲ್ಲಿ ಸಿನಿಮಾ ಜಾಗ ಬದಲಿಸುತ್ತಲೇ ಇರುತ್ತದೆ, ಹೆಸರು ಹಾಕಿ ಹುಡುಕಿ. ಹಳೆಯ ಕನ್ನಡದವು ಹಲವು ಯೂಟ್ಯೂಬಿನಲ್ಲಿ ಹಕ್ಕುದಾರರೇ ಹಾಕಿದ್ದು ಸಿಗುತ್ತವೆ.

ನೀವು ಹೇಳಿದ್ದು ನೋಡಿದ್ಯಾ ಕಾಕಾ, ನನಗ ಸೇರಲಿಲ್ಲ.

ಯಾವುದು ಸೇರಲಿಲ್ಲ ಎಂದು ಹೇಳಿದರೆ ಬೇರೆಯದು ಹೇಳುವುದು ಸುಲಭ. ‘ಕವಲುದಾರಿ’ ನಿಧಾನವಾಯಿತು ಅಂದವರಿಗೆ ‘ದೃಶ್ಯ’. ‘ದೃಶ್ಯ’ದಲ್ಲಿ ಸಂಸಾರ ಜಾಸ್ತಿಯಾಯಿತು ಅಂದವರಿಗೆ ‘ನಿಷ್ಕರ್ಷ’. ‘ಗರುಡ ಗಮನ’ದಲ್ಲಿ ರಕ್ತ ಜಾಸ್ತಿಯಾಯಿತು ಅಂದವರಿಗೆ ‘ತೊಂಡಿಮುದಲುಂ’. ‘ಕೋರ್ಟ್’ ಅರ್ಧಕ್ಕೆ ಬಿಟ್ಟವರಿಗೆ ‘ಜೈ ಭೀಮ್’, ಅಲ್ಲಿ ವಕೀಲರು ಬೇಕಾದಷ್ಟು ವಾದಿಸುತ್ತಾರೆ. ‘ಎ ಸೆಪರೇಷನ್’ ಸೇರಲಿಲ್ಲ ಅಂದವರು ಒಂದು ವರ್ಷ ಬಿಟ್ಟು ಮತ್ತೆ ನೋಡಿ, ಆಮೇಲೆ ಜಗಳಕ್ಕೆ ಬನ್ನಿ. ಸಂಜೆ ಮನೆಯಲ್ಲೇ ಇರುತ್ತೇನೆ.